ಜೇಬಿನ ಫೋನೇ ಗಣಕಯಂತ್ರದ ಕಣ್ಣು: ಸ್ಮಾರ್ಟ್‌ಫೋನನ್ನು ವೆಬ್‌ಕ್ಯಾಮ್ ಆಗಿಸುವ ಬಗೆ

ಬೆಂಗಳೂರು: ಮೇಜಿನ ಮೇಲೆ ಕುಳಿತ ಗಣಕಯಂತ್ರಕ್ಕೆ ಹಲವು ವೇಳೆ ಕಣ್ಣೇ ಇರುವುದಿಲ್ಲ. ಲ್ಯಾಪ್‌ಟಾಪಿಗೆ ಇದ್ದರೂ ಅದು ಪೊರೆ ಕವಿದ ಕಣ್ಣು. ಅದೇ ಮೇಜಿನ ಮೇಲಿರುವ ಸ್ಮಾರ್ಟ್‌ಫೋನಿಗೆ ಮಾತ್ರ ಎರಡು, ಮೂರು, ಕೆಲವೊಮ್ಮೆ ನಾಲ್ಕು ಕಣ್ಣುಗಳು. ಉದ್ಯೋಗ ಸಂದರ್ಶನ, ಮನೆಪಾಠ, ವೈದ್ಯರ ಸಲಹೆ, ನ್ಯಾಯಾಲಯದ ಕಲಾಪ ಎಲ್ಲವೂ ವಿಡಿಯೋ ಮೂಲಕ ನಡೆಯುವ ಈ ದಿನಗಳಲ್ಲಿ ಮುಖ ಮಸುಕಾಗಿ ಕಂಡರೆ ನಷ್ಟ ಕುಳಿತವರದೇ. ಜಿಲ್ಲಾ ಕೇಂದ್ರದಿಂದ ದೂರದ ಊರಿನಲ್ಲಿ ಕುಳಿತು ಮಹಾನಗರದ ಕಂಪನಿಯ ಸಂದರ್ಶನ ಎದುರಿಸುವ ಪದವೀಧರನಿಗಂತೂ ಆ ಅರ್ಧ ಗಂಟೆಯ ಚಿತ್ರವೇ ಮೊದಲ ಪರಿಚಯ. ಹೊಸ ವೆಬ್‌ಕ್ಯಾಮ್‌ಗೆ ಸಾವಿರಾರು ರೂಪಾಯಿ ತೆರುವ ಮೊದಲು, ಕೈಯಲ್ಲಿರುವ ಫೋನಿನಿಂದಲೇ ಆ ಕೆಲಸ ಆಗುವುದೇ ಎಂದು ನೋಡುವುದು ಲೇಸು. ಬಹುತೇಕ ಸಂದರ್ಭಗಳಲ್ಲಿ ಆಗುತ್ತದೆ. ಆದರೆ ಕೆಲವು ಎಚ್ಚರಿಕೆಗಳೂ ಅಗತ್ಯ.

ಕಾಫಿ ಪಾತ್ರೆಯಿಂದ ಆರಂಭ

ವೆಬ್‌ಕ್ಯಾಮ್‌ನ ಹುಟ್ಟಿನ ಕಥೆ ಸ್ವಾರಸ್ಯಕರವಾಗಿದೆ. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಕ ಪ್ರಯೋಗಾಲಯದಲ್ಲಿ ಸಂಶೋಧಕರಿಗೆ ಒಂದು ಸಣ್ಣ ತೊಂದರೆ ಇತ್ತು. ಕಾಫಿಗಾಗಿ ನಡೆದು ಹೋದರೆ ಪಾತ್ರೆ ಹಲವು ಸಲ ಖಾಲಿ. ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಎಂಬಿಬ್ಬರು ಆ ಪಾತ್ರೆಯ ಎದುರು ಕ್ಯಾಮೆರಾ ಇರಿಸಿ, ಅದರ ಚಿತ್ರ ಎಲ್ಲರ ಗಣಕಗಳ ಪರದೆಯಲ್ಲಿ ಕಾಣುವಂತೆ ಮಾಡಿದರು. 128×128 ಚುಕ್ಕೆಗಳ ಬೂದು ಬಣ್ಣದ ಆ ಚಿತ್ರ 1993ರ ನವೆಂಬರ್‌ನಲ್ಲಿ ಅಂತರಜಾಲಕ್ಕೆ ಬಂದು ಜಗತ್ಪ್ರಸಿದ್ಧವಾಯಿತು. 2001ರ ಆಗಸ್ಟ್‌ನಲ್ಲಿ ಆ ಕ್ಯಾಮೆರಾವನ್ನು ನಿಲ್ಲಿಸಲಾಯಿತು.

1994ರಲ್ಲಿ ಕನೆಕ್ಟಿಕ್ಸ್ ಕಂಪನಿಯ ಕ್ವಿಕ್‌ಕ್ಯಾಮ್ ಮಾರುಕಟ್ಟೆಗೆ ಬಂದಿತು. ಮ್ಯಾಕಿಂಟಾಷ್ ಗಣಕಕ್ಕೆ ಜೋಡಿಸುವ ಚೆಂಡಿನಾಕಾರದ ಈ ಕ್ಯಾಮೆರಾ 320×240 ಚುಕ್ಕೆಗಳ, ಕೇವಲ 16 ಬೂದು ಛಾಯೆಗಳ ಚಿತ್ರ ನೀಡುತ್ತಿತ್ತು. 1998ರಲ್ಲಿ ಈ ವಿಭಾಗವನ್ನು ಲಾಜಿಟೆಕ್ ಕಂಪನಿ ಕೊಂಡುಕೊಂಡಿತು. ಅನಂತರದ ದಶಕದಲ್ಲಿ ಅಮೆರಿಕದಲ್ಲಿರುವ ಮಕ್ಕಳ ಮುಖ ನೋಡಲು ತಂದೆ ತಾಯಿ ಸೈಬರ್ ಕೆಫೆಗಳಲ್ಲಿ ಯಾಹೂ ಮೆಸೆಂಜರ್ ತೆರೆದು ಕೂರುತ್ತಿದ್ದ ಕಾಲ ಅನೇಕರಿಗೆ ನೆನಪಿರಬಹುದು. ಆ ಯಾಹೂ ಮೆಸೆಂಜರ್ 2018ರಲ್ಲಿ, ಅದರ ನಂತರ ಮನೆಮಾತಾಗಿದ್ದ ಸ್ಕೈಪ್ 2025ರ ಮೇ ತಿಂಗಳಲ್ಲಿ ಇತಿಹಾಸಕ್ಕೆ ಸೇರಿದವು.

ಫೋನನ್ನು ವೆಬ್‌ಕ್ಯಾಮ್ ಆಗಿ ಬಳಸುವ ಆಲೋಚನೆಯೂ ಹೊಸದಲ್ಲ. ನೋಕಿಯಾದ ಸಿಂಬಿಯನ್ ಫೋನುಗಳ ಕಾಲದಲ್ಲಿಯೇ ಬ್ಲೂಟೂತ್ ಮೂಲಕ ಈ ಪ್ರಯೋಗ ನಡೆದಿತ್ತು. ಆದರೆ ಇದು ಸಾಮಾನ್ಯರ ಅಗತ್ಯವಾದದ್ದು 2020ರಲ್ಲಿ. ಕೊರೊನಾ ಲಾಕ್‌ಡೌನ್‌ನಿಂದ ಕಚೇರಿ, ಶಾಲೆಗಳು ಮನೆಗೆ ಬಂದಾಗ ಅಂಗಡಿಗಳಲ್ಲಿ ವೆಬ್‌ಕ್ಯಾಮ್ ಸಿಗದಾಯಿತು. ಸಿಕ್ಕರೂ ದುಬಾರಿಯಾಯಿತು. ಆಗ ಜನ ತಿರುಗಿದ್ದು ತಮ್ಮ ಫೋನುಗಳತ್ತ. ಅಂದು ಹೊರಗಿನ ತಂತ್ರಾಂಶಗಳಷ್ಟೇ ನೀಡುತ್ತಿದ್ದ ಈ ಸೌಲಭ್ಯವನ್ನು ಅನಂತರ ಆಪಲ್, ಗೂಗಲ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ತಮ್ಮ ವ್ಯವಸ್ಥೆಯೊಳಗೇ ಅಳವಡಿಸಿವೆ.

ಫೋನಿನ ಚಿತ್ರವೇ ಏಕೆ ಚೆನ್ನ?

ಲ್ಯಾಪ್‌ಟಾಪಿನ ಮುಚ್ಚಳ ಕೆಲವೇ ಮಿಲಿಮೀಟರ್ ದಪ್ಪ. ಅದರೊಳಗೆ ಪರದೆಯ ಜೊತೆಗೆ ಕ್ಯಾಮೆರಾವೂ ಹಿಡಿಯಬೇಕು. ಹೀಗಾಗಿ ಮಸೂರವೂ ಚಿಕ್ಕದು, ಬೆಳಕನ್ನು ಗ್ರಹಿಸುವ ಸಂವೇದಕವೂ ಚಿಕ್ಕದು. ಸಂವೇದಕದ ಮೇಲೆ ಬೀಳುವ ಬೆಳಕು ಕಡಿಮೆಯಾದಷ್ಟೂ ಚಿತ್ರದಲ್ಲಿ ಕಾಳುಕಾಳಾದ ಕಲೆಗಳು ಹೆಚ್ಚುತ್ತವೆ. ಸಂಜೆಯ ಹೊತ್ತು ಒಂದೇ ಬಲ್ಬಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಚಿತ್ರ ಕೆಡುವುದಕ್ಕೆ ಇದೇ ಕಾರಣ. ಫೋನಿನ ಹಿಂಬದಿಯ ಮುಖ್ಯ ಕ್ಯಾಮೆರಾಕ್ಕೆ ದೊಡ್ಡ ಸಂವೇದಕ, ಅಗಲ ಮಸೂರ, ತಾನಾಗಿಯೇ ನಾಭಿ ಹೊಂದಿಸಿಕೊಳ್ಳುವ ಶಕ್ತಿ ಮತ್ತು ಚಿತ್ರವನ್ನು ತಿದ್ದುವ ವ್ಯವಸ್ಥೆ ಇವೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಫೋನಿನ 50 ಅಥವಾ 108 ಮೆಗಾಪಿಕ್ಸೆಲ್‌ಗಳಿಗೂ ವಿಡಿಯೋ ಕರೆಗೂ ಸಂಬಂಧ ಕಡಿಮೆ. 720ಪಿ ಎಂಬ ಗುಣಮಟ್ಟದಲ್ಲಿ ಒಂದು ಚಿತ್ರಕ್ಕೆ 1280×720, ಅಂದರೆ ಸುಮಾರು 9.2 ಲಕ್ಷ ಚುಕ್ಕೆಗಳು. 1080ಪಿ ಆದರೆ ಸುಮಾರು 20.7 ಲಕ್ಷ. ಅದು 2 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪವೇ ಹೆಚ್ಚು. ವಿಡಿಯೋ ಸಭೆಗಳು ಸಾಮಾನ್ಯವಾಗಿ ಇದಕ್ಕಿಂತ ಮೇಲಕ್ಕೆ ಹೋಗುವುದಿಲ್ಲ. ಆದ್ದರಿಂದ ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ಆರೇಳು ವರ್ಷ ಹಿಂದಿನ ಫೋನು ಕೂಡ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಪರದೆಯ ಗಾಜು ಒಡೆದಿದ್ದರೂ ಮಸೂರ ಸರಿಯಿದ್ದರೆ ಆಯಿತು.

ಒಳಗೆ ನಡೆಯುವುದೇನು?

ಗಣಕಯಂತ್ರಕ್ಕೆ ಎದುರಿಗಿರುವುದು ಫೋನೋ ಕ್ಯಾಮೆರಾವೋ ಎಂಬುದು ತಾನಾಗಿ ತಿಳಿಯದು. ತನ್ನೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತದೆ ಎಂಬುದರ ಮೇಲೆ ಅದು ಸಾಧನವನ್ನು ಗುರುತಿಸುತ್ತದೆ. ಯುಎಸ್‌ಬಿ ಕ್ಯಾಮೆರಾಗಳಿಗಾಗಿ 2003ರಲ್ಲಿ ಯುವಿಸಿ ಎಂಬ ಸಾಮಾನ್ಯ ಶಿಷ್ಟತೆ ರೂಪುಗೊಂಡಿತು. ಅಂಗಡಿಯಿಂದ ತಂದ ವೆಬ್‌ಕ್ಯಾಮ್ ಚುಚ್ಚಿದೊಡನೆ ಕೆಲಸ ಮಾಡುವುದು ಇದರಿಂದಲೇ. ಫೋನು ಇದೇ ಭಾಷೆಯಲ್ಲಿ ಮಾತನಾಡಿದರೆ ಗಣಕ ಅದನ್ನು ನಿಜವಾದ ವೆಬ್‌ಕ್ಯಾಮ್ ಎಂದೇ ಸ್ವೀಕರಿಸುತ್ತದೆ.

ಫೋನಿಗೆ ಆ ಭಾಷೆ ಬಾರದಿದ್ದರೆ ನಡುವೆ ಒಬ್ಬ ದುಭಾಷಿ ಬೇಕು. ಫೋನಿನಲ್ಲಿ ಒಂದು ಆ್ಯಪ್, ಗಣಕದಲ್ಲಿ ಅದರ ಜೋಡಿ ತಂತ್ರಾಂಶ. ಆ್ಯಪ್ ಚಿತ್ರವನ್ನು ಸಂಕುಚಿಸಿ ಕಳುಹಿಸುತ್ತದೆ. ಗಣಕದ ತಂತ್ರಾಂಶ ಅದನ್ನು ಬಿಡಿಸಿ, ಒಂದು ಕಾಲ್ಪನಿಕ ಕ್ಯಾಮೆರಾದ ಹೆಸರಿನಲ್ಲಿ ಝೂಮ್, ಗೂಗಲ್ ಮೀಟ್ ಮುಂತಾದವುಗಳ ಮುಂದಿಡುತ್ತದೆ.

ಸಂಕುಚಿಸುವ ಅಗತ್ಯವೇಕೆ? 720ಪಿ ಚಿತ್ರದ ಪ್ರತಿ ಚುಕ್ಕೆಗೆ 3 ಬೈಟ್‌ನಂತೆ, ಸೆಕೆಂಡಿಗೆ 30 ಚಿತ್ರಗಳನ್ನು ಹಾಗೆಯೇ ಕಳುಹಿಸಿದರೆ ಸೆಕೆಂಡಿಗೆ ಸುಮಾರು 663 ಮೆಗಾಬಿಟ್ ಆಗುತ್ತದೆ. ಯುಎಸ್‌ಬಿ 2.0 ತಂತಿಯ ಗರಿಷ್ಠ ಮಿತಿಯೇ 480 ಮೆಗಾಬಿಟ್. ಹೀಗಾಗಿ ಸಂಕುಚಿಸದೆ ಗತಿಯಿಲ್ಲ. ಈ ಸಂಕುಚನ, ರವಾನೆ, ಬಿಡಿಸುವಿಕೆಗೆ ತಗಲುವ ಕಾಲವೇ ತುಟಿಯ ಚಲನೆಗೂ ದನಿಗೂ ಹೊಂದಿಕೆ ತಪ್ಪುವಂತೆ ಮಾಡುತ್ತದೆ.

ತಂತ್ರಾಂಶವೇ ಬೇಡದ ಉಪಾಯ

ಎಲ್ಲಕ್ಕಿಂತ ಸುಲಭದ ದಾರಿಯನ್ನು ಹಲವರು ಮರೆಯುತ್ತಾರೆ. ಸಭೆಗೆ ಗಣಕದಿಂದಲೂ ಫೋನಿನಿಂದಲೂ ಬೇರೆ ಬೇರೆಯಾಗಿ ಸೇರಿಕೊಳ್ಳಬಹುದು. ಫೋನಿನಲ್ಲಿ ಚಿತ್ರ, ಗಣಕದಲ್ಲಿ ಕಡತ ಮತ್ತು ಪರದೆ. ಎರಡರ ಪೈಕಿ ಒಂದರ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಮುಚ್ಚಿರಬೇಕು. ಇಲ್ಲವಾದರೆ ಕಿವಿಗಡಚಿಕ್ಕುವ ಕೂಗು ಏಳುತ್ತದೆ. ಪಾಠ ಹೇಳುವವರಿಗೆ ಈ ಉಪಾಯ ಸಾಕಾಗಬಹುದು. ಒಬ್ಬರೇ ಎರಡು ಹೆಸರಿನಲ್ಲಿ ಕಾಣುವುದು ಸಂದರ್ಶನಕ್ಕೆ ಶೋಭಿಸದು. ಆಗ ಮುಂದಿನ ದಾರಿಗಳನ್ನು ನೋಡಬೇಕು.

ಆಂಡ್ರಾಯ್ಡ್ 14 ಇದ್ದರೆ

ಆಂಡ್ರಾಯ್ಡ್ 14ರಲ್ಲಿ ಫೋನು ನೇರವಾಗಿ ಯುವಿಸಿ ಕ್ಯಾಮೆರಾ ಆಗುವ ಅವಕಾಶವಿದೆ. ಗೂಗಲ್‌ನ ಪಿಕ್ಸೆಲ್ ಫೋನುಗಳಿಗೆ ಇದು 2023ರ ಡಿಸೆಂಬರ್‌ನಲ್ಲಿ ಬಂದಿತು. ಫೋನನ್ನು ಯುಎಸ್‌ಬಿ ತಂತಿಯಿಂದ ಗಣಕಕ್ಕೆ ಜೋಡಿಸಿ, ಪರದೆಯ ಮೇಲಿನಿಂದ ಕೆಳಗೆಳೆದಾಗ ಕಾಣುವ ಯುಎಸ್‌ಬಿ ಸೂಚನೆಯನ್ನು ಮುಟ್ಟಬೇಕು. ಕಡತ ವರ್ಗಾವಣೆ ಮುಂತಾದ ಆಯ್ಕೆಗಳ ಜೊತೆಗೆ 'ವೆಬ್‌ಕ್ಯಾಮ್' ಎಂಬುದೂ ಕಾಣುತ್ತದೆ. ಅದನ್ನು ಆರಿಸಿದರೆ ಕೆಲಸ ಮುಗಿಯಿತು. ಗಣಕದಲ್ಲಿ ಏನನ್ನೂ ಅನುಸ್ಥಾಪಿಸಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಂಬ ಭೇದವೂ ಇಲ್ಲ. ಆದರೆ ಎಲ್ಲ ತಯಾರಕರೂ ತಮ್ಮ ಫೋನುಗಳಲ್ಲಿ ಈ ಆಯ್ಕೆಯನ್ನು ನೀಡಿಲ್ಲ. ತಂತಿ ಜೋಡಿಸಿ ನೋಡುವುದೇ ಪರೀಕ್ಷೆ.

ವಿಂಡೋಸ್ 11 ಬಳಸುವವರಿಗೆ

ಮೈಕ್ರೋಸಾಫ್ಟ್ 2024ರಲ್ಲಿ ಈ ಸೌಲಭ್ಯವನ್ನು ವಿಂಡೋಸ್ 11ಕ್ಕೆ ಸೇರಿಸಿತು. ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸ ಫೋನು ಸಾಕು. ಹಂತಗಳು ಹೀಗಿವೆ:

1. ಗಣಕದ ಸೆಟ್ಟಿಂಗ್ಸ್ ತೆರೆದು 'ಬ್ಲೂಟೂತ್ ಅಂಡ್ ಡಿವೈಸಸ್' ವಿಭಾಗದಲ್ಲಿ 'ಮೊಬೈಲ್ ಡಿವೈಸಸ್' ಆರಿಸಿ, ಮೊಬೈಲ್ ಸಾಧನಗಳಿಗೆ ಅನುಮತಿ ನೀಡಬೇಕು.
2. 'ಮ್ಯಾನೇಜ್ ಡಿವೈಸಸ್' ಒತ್ತಿ ಹೊಸ ಸಾಧನ ಸೇರಿಸುವ ಗುಂಡಿ ಒತ್ತಿದಾಗ ಒಂದು ಕ್ಯೂಆರ್ ಸಂಕೇತ ಮೂಡುತ್ತದೆ.
3. ಅದನ್ನು ಫೋನಿನಿಂದ ಓದಿಸಿ, 'ಲಿಂಕ್ ಟು ವಿಂಡೋಸ್' ಆ್ಯಪ್‌ನಲ್ಲಿ ಜೋಡಣೆ ಪೂರೈಸಬೇಕು.
4. ಗಣಕದಲ್ಲಿ ಆ ಫೋನಿನ ಹೆಸರಿನ ಕೆಳಗೆ ಕ್ಯಾಮೆರಾ ಆಗಿ ಬಳಸುವ ಆಯ್ಕೆಯನ್ನು ಚಾಲೂ ಮಾಡಬೇಕು.

ಅನಂತರ ಝೂಮ್, ಟೀಮ್ಸ್ ಮುಂತಾದವುಗಳ ಕ್ಯಾಮೆರಾ ಪಟ್ಟಿಯಲ್ಲಿ ಫೋನು ಕಾಣಿಸಿಕೊಳ್ಳುತ್ತದೆ. ಚಿತ್ರ ನಿಸ್ತಂತುವಾಗಿ ಬರುವುದರಿಂದ ಎರಡಕ್ಕೂ ವೈ-ಫೈ ಬೇಕು. ವಿಂಡೋಸ್ 10ರಲ್ಲಿ ಈ ಸೌಲಭ್ಯವಿಲ್ಲ. ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ.

ಐಫೋನ್ ಮತ್ತು ಮ್ಯಾಕ್

ಆಪಲ್ 2022ರಲ್ಲಿ ಐಒಎಸ್ 16 ಮತ್ತು ಮ್ಯಾಕ್‌ಒಎಸ್ ವೆಂಚುರಾದೊಂದಿಗೆ 'ಕಂಟಿನ್ಯುಟಿ ಕ್ಯಾಮೆರಾ' ಎಂಬ ಸೌಲಭ್ಯ ನೀಡಿತು. ಐಫೋನ್ ಎಕ್ಸ್‌ಆರ್ ಮತ್ತು ಅದರ ನಂತರದ ಫೋನುಗಳಲ್ಲಿ ಇದು ಲಭ್ಯ. ಎರಡೂ ಸಾಧನಗಳು ಒಂದೇ ಆಪಲ್ ಖಾತೆಯಲ್ಲಿದ್ದು, ವೈ-ಫೈ ಮತ್ತು ಬ್ಲೂಟೂತ್ ಚಾಲೂ ಇದ್ದರೆ ಸಾಕು. ತಂತಿ ಜೋಡಿಸಿಯೂ ಬಳಸಬಹುದು. ಐಫೋನ್ 11 ಮತ್ತು ಅನಂತರದ ಬಹುತೇಕ ಫೋನುಗಳಲ್ಲಿ ಮುಖದ ಜೊತೆಗೆ ಮೇಜಿನ ಮೇಲಿರುವ ವಸ್ತುವನ್ನೂ ತೋರಿಸುವ ಏರ್ಪಾಡು ಇದೆ.

ಉಳಿದವರಿಗೆ ಆ್ಯಪ್‌ಗಳು

ಮೇಲಿನ ಯಾವುದೂ ಒದಗದವರಿಗೆ ಡ್ರಾಯ್ಡ್‌ಕ್ಯಾಮ್, ಐರಿಯನ್, ಕ್ಯಾಮೊ ಮುಂತಾದ ತಂತ್ರಾಂಶಗಳಿವೆ. ವಿಂಡೋಸ್ ಗಣಕಕ್ಕೆ ಐಫೋನ್, ಮ್ಯಾಕ್ ಗಣಕಕ್ಕೆ ಆಂಡ್ರಾಯ್ಡ್ ಎಂಬಂಥ ಅಂತರ್ಜಾತೀಯ ಜೋಡಣೆಗೂ ಇವೇ ಆಸರೆ. ಫೋನಿನಲ್ಲಿ ಆ್ಯಪ್, ಗಣಕದಲ್ಲಿ ಅದೇ ತಯಾರಕರ ತಂತ್ರಾಂಶ, ಎರಡನ್ನೂ ಹಾಕಿಕೊಳ್ಳಬೇಕು. ಉಚಿತ ಆವೃತ್ತಿಗಳಿಗೆ ಮಿತಿಗಳಿರುತ್ತವೆ. ಹಣ ತೆರುವ ಮೊದಲು ಉಚಿತ ಆವೃತ್ತಿಯಲ್ಲಿ ಒಂದು ವಾರ ಬಳಸಿ ನೋಡುವುದು ಜಾಣತನ. ಮುಕ್ತ ತಂತ್ರಾಂಶಪ್ರಿಯರಿಗೆ ಎಸ್‌ಸಿಆರ್‌ಸಿಪಿವೈ ಇದೆ. 2023ರಲ್ಲಿ ಬಂದ ಅದರ 2.2ನೇ ಆವೃತ್ತಿಯಿಂದ, ಆಂಡ್ರಾಯ್ಡ್ 12 ಮತ್ತು ಮೇಲಿನ ಫೋನುಗಳ ಕ್ಯಾಮೆರಾ ಚಿತ್ರವನ್ನು ಗಣಕಕ್ಕೆ ತರಲು ಸಾಧ್ಯ. ಲಿನಕ್ಸ್‌ನಲ್ಲಿ ಅದನ್ನೇ ವೆಬ್‌ಕ್ಯಾಮ್ ಆಗಿಸಬಹುದು.

ತಂತಿಯೋ, ನಿಸ್ತಂತುವೋ?

ಮುಖ್ಯವಾದ ಸಂದರ್ಶನಕ್ಕೆ ತಂತಿಯೇ ಮೇಲು. ವಿಳಂಬ ಕಡಿಮೆ, ಜೊತೆಗೆ ಫೋನಿಗೆ ವಿದ್ಯುತ್ತೂ ದೊರೆಯುತ್ತದೆ. ಆದರೆ ಮಾರುಕಟ್ಟೆಯ ಅಗ್ಗದ ತಂತಿಗಳಲ್ಲಿ ಕೆಲವು ಚಾರ್ಜಿಂಗ್‌ಗೆ ಮಾತ್ರ. ದತ್ತಾಂಶ ಸಾಗಿಸುವ ಎಳೆಗಳು ಅವುಗಳಲ್ಲಿ ಇರುವುದೇ ಇಲ್ಲ. 'ಫೋನು ಜೋಡಿಸಿದರೂ ಗಣಕಕ್ಕೆ ಕಾಣುತ್ತಿಲ್ಲ' ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇಂಥ ತಂತಿಯೇ.

ವೈ-ಫೈ ಬಳಸುವುದಾದರೆ ಫೋನು ಮತ್ತು ಗಣಕ ಎರಡೂ ಒಂದೇ ಜಾಲದಲ್ಲಿರಬೇಕು. ಹಾಸ್ಟೆಲ್, ಹೋಟೆಲುಗಳ ವೈ-ಫೈನಲ್ಲಿ ಒಂದು ಸಾಧನ ಇನ್ನೊಂದನ್ನು ಕಾಣದಂತೆ ತಡೆ ಹಾಕಿರುವುದುಂಟು. ಮನೆಯಲ್ಲಿ ವೈ-ಫೈ ಇಲ್ಲದವರು ಫೋನಿನ ಹಾಟ್‌ಸ್ಪಾಟ್ ಹಚ್ಚಿ ಗಣಕವನ್ನು ಅದಕ್ಕೆ ಜೋಡಿಸಬಹುದು. ಫೋನಿನಿಂದ ಗಣಕಕ್ಕೆ ಹೋಗುವ ಚಿತ್ರಕ್ಕೆ ಡೇಟಾ ಖರ್ಚಾಗುವುದಿಲ್ಲ. ಅದು ಕೋಣೆಯೊಳಗಿನ ಸಂಚಾರ. ಆದರೆ ಗಣಕದಿಂದ ಸಭೆಗೆ ಹೋಗುವ ಮತ್ತು ಬರುವ ಚಿತ್ರಕ್ಕೆ ಖರ್ಚುಂಟು. ಸೆಕೆಂಡಿಗೆ 1 ಮೆಗಾಬಿಟ್ ವೇಗವೆಂದರೆ ಗಂಟೆಗೆ 450 ಮೆಗಾಬೈಟ್. ಹೋಗುವುದು, ಬರುವುದು ಸೇರಿದರೆ 900. ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಎಲ್ಲಿ ಇಡಬೇಕು? ಬೆಳಕು ಹೇಗಿರಬೇಕು?

ಒಳ್ಳೆಯ ಕ್ಯಾಮೆರಾ ಇದ್ದರೂ ಇಡುವ ಜಾಗ ತಪ್ಪಿದರೆ ಪ್ರಯೋಜನವಿಲ್ಲ. ಫೋನು ಕಣ್ಣಿನ ಮಟ್ಟದಲ್ಲಿ, ಅಡ್ಡಲಾಗಿ, ಗಣಕದ ಪರದೆಯ ಹಿಂದೆ ಇರಬೇಕು. ಸ್ಟ್ಯಾಂಡ್ ಇಲ್ಲದಿದ್ದರೆ ನಾಲ್ಕಾರು ದಪ್ಪ ಪುಸ್ತಕ ಮತ್ತು ಒಂದು ಸ್ಟೀಲ್ ಡಬ್ಬಿ ಸಾಕು. ಪಕ್ಕದಲ್ಲಿಟ್ಟರೆ ಮಾತನಾಡುವವರು ಬೇರೆಲ್ಲೋ ನೋಡುತ್ತಿರುವಂತೆ ಎದುರಿನವರಿಗೆ ಭಾಸವಾಗುತ್ತದೆ. ಹಿಂಬದಿಯ ಮುಖ್ಯ ಕ್ಯಾಮೆರಾವನ್ನೇ ಬಳಸಬೇಕು. ಅದಕ್ಕೂ ಮೊದಲು ಮೆತ್ತನೆಯ ಬಟ್ಟೆಯಿಂದ ಮಸೂರ ಒರೆಸಬೇಕು. ಬೆರಳಿನ ಜಿಡ್ಡೇ ಎಷ್ಟೋ ಮಸುಕಿಗೆ ಕಾರಣ.

ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತರೆ ಯಾವ ದೀಪವೂ ಬೇಡ. ದನಿಗೆ ಫೋನಿನ ಮೈಕ್‌ಗಿಂತ ಗಣಕಕ್ಕೆ ಜೋಡಿಸಿದ ಇಯರ್‌ಫೋನ್ ಉತ್ತಮ. ತನ್ನ ಚಿತ್ರದಲ್ಲಿ ಅಕ್ಷರಗಳು ತಿರುವುಮುರುವಾಗಿ ಕಂಡರೆ ಗಾಬರಿ ಬೇಡ; ತನಗೆ ಮಾತ್ರ ಕನ್ನಡಿಯಂತೆ ಕಾಣುತ್ತದೆ, ಎದುರಿನವರಿಗೆ ಸರಿಯಾಗಿಯೇ ಕಾಣುತ್ತದೆ.

ಫೋನಿಗೆ ಲ್ಯಾಪ್‌ಟಾಪಿಗಿಲ್ಲದ ಇನ್ನೊಂದು ಅನುಕೂಲವಿದೆ. ಅದನ್ನು ಎಲ್ಲಿ ಬೇಕಾದರೂ ತಿರುಗಿಸಬಹುದು. ಗಣಿತದ ಮೇಷ್ಟರು ಫೋನನ್ನು ಮೇಲಿನಿಂದ ತೂಗುಬಿಟ್ಟರೆ ಹಾಳೆಯೇ ಕಪ್ಪುಹಲಗೆ. ವಿದೇಶದಲ್ಲಿರುವ ಮಕ್ಕಳಿಗೆ ವೀಣೆ, ಮೃದಂಗ ಕಲಿಸುವ ಗುರುಗಳು ಬೆರಳುಗಳ ಚಲನೆಯನ್ನೇ ಹತ್ತಿರದಿಂದ ತೋರಿಸಬಹುದು. ಚರ್ಮದ ಮೇಲಿನ ಗಾಯವನ್ನು ವೈದ್ಯರಿಗೆ ಸ್ಪಷ್ಟವಾಗಿ ತೋರಿಸಲು ಲ್ಯಾಪ್‌ಟಾಪ್ ಎತ್ತಿ ಹಿಡಿಯುವ ಪಾಡು ತಪ್ಪುತ್ತದೆ.

ಬಿಸಿ ಮತ್ತು ಬ್ಯಾಟರಿ

ಕ್ಯಾಮೆರಾ, ಸಂಕುಚನ, ವೈ-ಫೈ, ಚಾರ್ಜಿಂಗ್ ನಾಲ್ಕೂ ಒಟ್ಟಿಗೆ ನಡೆದಾಗ ಫೋನು ಬಿಸಿಯಾಗುತ್ತದೆ. ಮಿತಿ ಮೀರಿದರೆ ಚಿತ್ರದ ವೇಗ ತಾನಾಗಿ ಕುಗ್ಗುತ್ತದೆ ಅಥವಾ ಕ್ಯಾಮೆರಾ ನಿಲ್ಲುತ್ತದೆ. ಹೊರಗವಚ ತೆಗೆದು, ಪರದೆಯ ಬೆಳಕು ತಗ್ಗಿಸಿ, ಬಿಸಿಲಿನಿಂದ ದೂರವಿಡಬೇಕು. 1080ಪಿ ಬದಲು 720ಪಿ ಆರಿಸಿದರೂ ಬಿಸಿ ಕಡಿಮೆಯಾಗುತ್ತದೆ. ಹಳೆಯ ಯುಎಸ್‌ಬಿ 2.0 ಕಿಂಡಿ ಸಾಮಾನ್ಯವಾಗಿ 500 ಮಿಲಿಆಂಪಿಯರ್ ಮಾತ್ರ ನೀಡುತ್ತದೆ; ತಂತಿಯಲ್ಲಿದ್ದರೂ ಬ್ಯಾಟರಿ ಇಳಿಯುತ್ತಾ ಹೋಗಬಹುದು. ಆದ್ದರಿಂದ ಪೂರ್ತಿ ಚಾರ್ಜ್ ಮಾಡಿಯೇ ಆರಂಭಿಸಬೇಕು. ಹಳೆಯ ಫೋನಿನ ಹಿಂಬದಿ ಉಬ್ಬಿದ್ದರೆ ಅದು ಬ್ಯಾಟರಿ ಕೆಟ್ಟಿರುವ ಲಕ್ಷಣ. ಅಂಥ ಫೋನನ್ನು ಚಾರ್ಜಿಗೆ ಹಾಕುವುದೂ ಅಪಾಯ. ಅದನ್ನು ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸುವುದೇ ಸರಿ.

ಪರೀಕ್ಷೆ ಬರೆಯುವವರೇ, ನಿಯಮ ಓದಿ

ಮನೆಯಿಂದಲೇ ಬರೆಯುವ, ಕ್ಯಾಮೆರಾ ಮೂಲಕ ನಿಗಾ ಇಡುವ ಪರೀಕ್ಷೆಗಳಿಗೆ ಈ ವಿಧಾನ ಬಳಸುವ ಮುನ್ನ ನಿಯಮಗಳನ್ನು ಓದಲೇಬೇಕು. ಕಾಲ್ಪನಿಕ ಕ್ಯಾಮೆರಾ ತಂತ್ರಾಂಶದ ಮೂಲಕ ಮೊದಲೇ ಚಿತ್ರೀಕರಿಸಿದ ವಿಡಿಯೋವನ್ನು ತೋರಿಸಲು ಸಾಧ್ಯವಿರುವುದರಿಂದ ಇಂಥ ಹಲವು ಪರೀಕ್ಷೆಗಳಲ್ಲಿ ಅದಕ್ಕೆ ನಿಷೇಧವಿದೆ. ಕೆಲವೆಡೆ ಕೈಗೆಟುಕುವಂತೆ ಫೋನು ಇರುವುದೇ ಅಪರಾಧ. ಪ್ರಾಮಾಣಿಕ ಅಭ್ಯರ್ಥಿಯೂ ಸಂಶಯಕ್ಕೆ ಗುರಿಯಾಗಿ, ಶುಲ್ಕ ಮತ್ತು ಅವಕಾಶ ಎರಡನ್ನೂ ಕಳೆದುಕೊಳ್ಳಬಹುದು. ಇಂಥ ಪರೀಕ್ಷೆಗೆ ಸ್ನೇಹಿತರಿಂದ ಒಂದು ಸಾಮಾನ್ಯ ಯುಎಸ್‌ಬಿ ವೆಬ್‌ಕ್ಯಾಮ್ ಎರವಲು ಪಡೆಯುವುದೇ ಕ್ಷೇಮ.

ಕಣ್ಣು ತೆರೆದಂತೆ ಮುಚ್ಚಲೂ ಬೇಕು

ಕ್ಯಾಮೆರಾ ಮನೆಯೊಳಗಿನ ಕಣ್ಣು. ಅದನ್ನು ಯಾರು ನೋಡುತ್ತಿದ್ದಾರೆ ಎಂಬ ಅರಿವು ಬೇಕು. ಆ್ಯಪ್‌ಗಳನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದ ಮಾತ್ರ ಪಡೆಯಬೇಕು. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳುಹಿಸಿದ ಕಡತದಿಂದ ಸರ್ವಥಾ ಅಲ್ಲ. ವೈ-ಫೈ ಮೂಲಕ ಚಿತ್ರ ಹರಿಸುವ ಕೆಲವು ಆ್ಯಪ್‌ಗಳಲ್ಲಿ ಗುಪ್ತಪದ ಇಡದಿದ್ದರೆ ಅದೇ ಜಾಲದಲ್ಲಿರುವ ಬೇರೆಯವರೂ ಚಿತ್ರ ನೋಡಬಹುದು. ಸಾರ್ವಜನಿಕ ವೈ-ಫೈನಲ್ಲಿ ಅವುಗಳನ್ನು ಬಳಸಕೂಡದು. ಕೆಲಸ ಮುಗಿದ ಮೇಲೆ ಆ್ಯಪ್ ಮುಚ್ಚಿ, ಯುಎಸ್‌ಬಿ ಡೀಬಗ್ಗಿಂಗ್ ಆಯ್ಕೆಯನ್ನು ಚಾಲೂ ಮಾಡಿದ್ದರೆ ಅದನ್ನೂ ಆರಿಸಬೇಕು.

ಆಂಡ್ರಾಯ್ಡ್ 12 ಮತ್ತು ಐಒಎಸ್ 14ರಿಂದೀಚೆಗೆ ಕ್ಯಾಮೆರಾ ಬಳಕೆಯಲ್ಲಿದ್ದಾಗ ಪರದೆಯ ಮೇಲ್ಭಾಗದಲ್ಲಿ ಹಸಿರು ಗುರುತು ಕಾಣುತ್ತದೆ. ಕರೆ ಮುಗಿದ ಮೇಲೂ ಅದು ಉಳಿದಿದ್ದರೆ ಯಾವುದೋ ಆ್ಯಪ್ ಇನ್ನೂ ನೋಡುತ್ತಿದೆ ಎಂದೇ ಅರ್ಥ. ಕ್ಯಾಮೆರಾ ಸರಿಪಡಿಸಿಕೊಡುವ ನೆಪದಲ್ಲಿ ದೂರದಿಂದ ಗಣಕ ನಿಯಂತ್ರಿಸುವ ತಂತ್ರಾಂಶ ಹಾಕಿಸುವ ಅಪರಿಚಿತರನ್ನು ನಂಬಬಾರದು. ಹಣ ಕಳೆದುಕೊಂಡವರು ತಡ ಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಚಿತ್ರ ಬಾರದಿದ್ದರೆ

ಬರೀ ಕಪ್ಪು ಪರದೆ ಕಂಡರೆ ಮೊದಲು ನೋಡಬೇಕಾದದ್ದು, ಬೇರೊಂದು ತಂತ್ರಾಂಶ ಅದೇ ಕ್ಯಾಮೆರಾವನ್ನು ಹಿಡಿದಿದೆಯೇ ಎಂಬುದು. ಎಲ್ಲವನ್ನೂ ಮುಚ್ಚಿ ಬೇಕಾದದ್ದನ್ನು ಮಾತ್ರ ತೆರೆಯಬೇಕು. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಗೋಪ್ಯತೆಯ ವಿಭಾಗಕ್ಕೆ ಹೋಗಿ ಕ್ಯಾಮೆರಾಕ್ಕೆ ಅನುಮತಿ ಇದೆಯೇ ಎಂದು ಪರಿಶೀಲಿಸಬೇಕು. ಪಟ್ಟಿಯಲ್ಲಿ ಫೋನಿನ ಹೆಸರೇ ಇಲ್ಲದಿದ್ದರೆ ಸಭೆಯ ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಬೇಕು. ವೈ-ಫೈನಲ್ಲಿ ಜೋಡಣೆ ಆಗದಿದ್ದರೆ ವಿಪಿಎನ್ ಆರಿಸಿ, ಫೈರ್‌ವಾಲ್ ಅನುಮತಿ ನೋಡಬೇಕು. ಇಷ್ಟಕ್ಕೂ ಜಗ್ಗದಿದ್ದರೆ ಬೇರೆ ತಂತಿ, ಬೇರೆ ಕಿಂಡಿ.

ಇವೆಲ್ಲವನ್ನೂ ಸಂದರ್ಶನದ ಹತ್ತು ನಿಮಿಷ ಮೊದಲು ಮಾಡಹೋದರೆ ಎಡವಟ್ಟು ಖಚಿತ. ಹಿಂದಿನ ದಿನ, ಅದೇ ಹೊತ್ತಿನಲ್ಲಿ, ಅದೇ ಕುರ್ಚಿಯಲ್ಲಿ ಕುಳಿತು ಮನೆಯವರೊಬ್ಬರಿಗೆ ಅರ್ಧ ಗಂಟೆ ಕರೆ ಮಾಡಿ ನೋಡಬೇಕು. ಬೆಳಕು, ಬಿಸಿ, ಬ್ಯಾಟರಿ, ಡೇಟಾ ನಾಲ್ಕರ ನಿಜಸ್ಥಿತಿಯೂ ಆಗ ತಿಳಿಯುತ್ತದೆ. ಕರೆಂಟು ಹೋಗಿ ರೌಟರ್ ನಿಂತರೆ ಏನು ಮಾಡುವುದು ಎಂಬುದನ್ನೂ ಅಂದೇ ನಿಶ್ಚಯಿಸಿಕೊಂಡರೆ, ಮರುದಿನ ಗಮನವೆಲ್ಲ ಕೇಳುವ ಪ್ರಶ್ನೆಗಳ ಮೇಲಿರುತ್ತದೆ.